ನೆರಳಿಗೆ ಬೀಗ

ಬಳ್ಳಾರಿ ಜಾಲಿಗೆ ಬಳ್ಳಾರಿಯ ಹೆಸರು ಯಾಕೆ ಇಟ್ಟರೋ ಅಂತ ನನಗೆ ಯಾವತ್ತೂ ಬೇಸರ. ಅದು ಅಮೆರಿಕ ಖಂಡದ ಗಿಡ. ಎಲ್ಲಿಂದಲೋ ಬಂದು ನಮ್ಮ ಸೀಮೆಯ ಬೀಳು ಹೊಲ, ಕೆರೆಯಂಗಳ, ಹಳ್ಳದ ದಂಡೆ ಎಲ್ಲ ಆವರಿಸಿಕೊಂಡು, ಕೊನೆಗೆ ಹೆಸರನ್ನೂ ನಮ್ಮದನ್ನೇ ಹಚ್ಚಿಕೊಂಡಿತು. ಕಾಯಿ ಆಡಿಗೆ ಮೇವಾಗುತ್ತದೆ, ಕಟ್ಟಿಗೆ ಒಲೆಗಾಗುತ್ತದೆ, ಇದ್ದಿಲು ಸುಡುವವರಿಗೆ ಅನ್ನ ಹಾಕಿದೆ. ಅದನ್ನೆಲ್ಲ ಒಪ್ಪುತ್ತೇನೆ. ಆದರೆ ಸೈಕಲ್ ತುಳಿಯುವವನ ಲೆಕ್ಕದಲ್ಲಿ ಅದು ಗಿಡವೇ ಅಲ್ಲ, ಮೊಳೆ ಬಿಡುವ ಮರ. ಅದರ ಮುಳ್ಳು ಟಯರು ದಾಟಿ, ಟ್ಯೂಬು ದಾಟಿ, ನೂಕಿಕೊಂಡು ಹೊರಟರೆ ಚಪ್ಪಲಿಯನ್ನೂ ದಾಟುತ್ತದೆ.

ಮೂರು ವರ್ಷದಲ್ಲಿ ನನ್ನ ಸೈಕಲ್ಲಿಗೆ ಹತ್ತೊಂಬತ್ತು ಪಂಚರ್ ಆಗಿವೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಯಾಕೆಂದು ಕೇಳಬೇಡಿ. ನಾನೀಗ ಹೇಳಹೊರಟಿರುವುದು ಹದಿನೇಳನೆಯದರ ಕತೆ. ಅಲ್ಲಿಗೆ ಬರಲು ಸ್ವಲ್ಪ ಸುತ್ತು ಹಾಕಬೇಕು.

ನಲವತ್ತೇಳಕ್ಕೆ ರಕ್ತದಲ್ಲಿ ಸಕ್ಕರೆ ಬಂತು. ಡಾಕ್ಟರು ಗುಳಿಗೆಯ ಚೀಟಿ ಬರೆದು, ಕೆಳಗೆ ಎರಡು ಗೆರೆ ಎಳೆದು "ನಡಿಗೆ ಅಥವಾ ಸೈಕಲ್" ಅಂತ ಬರೆದರು. ನಡೆಯುವುದು ನನಗೆ ಬೇಸರ. ಅದೇ ಮನೆಗಳು ಅದೇ ನಾಯಿಗಳ ಮುಂದೆ ನಿಧಾನಕ್ಕೆ ಹಾದುಹೋಗಬೇಕು. ಸೈಕಲ್ಲೇ ಆಗಲಿ ಅಂತ ಹೊಸಪೇಟೆಗೆ ಹೋಗಿ ಒಂದು ಗೇರ್ ಸೈಕಲ್ ತಂದೆ. ಕೊಪ್ಪಳದಲ್ಲಿ ಅದನ್ನು ಹತ್ತಿದ ಮೊದಲ ವಾರ ಗಡಿಯಾರ ಕಂಬದಿಂದ ಮನೆ ಸೇರುವುದರೊಳಗೆ ಕನಿಷ್ಠ ಮೂರು ಮಂದಿ ನಿಲ್ಲಿಸಿ ಕೇಳಿದರು: "ಯಾಕ್ರೀ ಸರ, ಗಾಡಿ ಕೆಟ್ಟೈತೇನು?" ಎರಡನೇ ವಾರ ಪ್ರಶ್ನೆ ಬದಲಾಯಿತು: "ಶುಗರ್ ಬಂದೈತೇನ್ರೀ?" ನಮ್ಮೂರಲ್ಲಿ ಮೀಸೆ ಬಂದ ಗಂಡಸು ಸೈಕಲ್ ಮೇಲೆ ಕಂಡರೆ ಎರಡೇ ಅರ್ಥ. ಒಂದು, ಬೈಕಿಗೆ ದುಡ್ಡಿಲ್ಲ. ಇನ್ನೊಂದು, ಡಾಕ್ಟರು ಹೇಳಿದ್ದಾರೆ. ಸುಮ್ಮನೆ ಹಿತಕ್ಕೆ ತುಳಿಯುತ್ತಾನೆ ಅನ್ನುವ ಮೂರನೆಯ ಸಾಧ್ಯತೆ ಯಾರ ತಲೆಗೂ ಹೊಳೆಯುವುದಿಲ್ಲ. ನನ್ನ ತಲೆಗೂ ಹೊಳೆದಿರಲಿಲ್ಲ.

ಸೈಕಲ್ ತಂದಮೇಲೆ ತುಳಿಯುವುದೆಲ್ಲಿ ಅನ್ನುವ ಪ್ರಶ್ನೆ ಬಂತು. ಮೈಸೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ 2017ರಲ್ಲಿ ಅಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಶುರುವಾದಾಗ ಫೋಟೋದ ಮೇಲೆ ಫೋಟೋ ಕಳಿಸಿದ್ದ. ಹಸಿರು ಸೈಕಲ್, ಹಿಂದೆ ಅರಮನೆ. ನಮ್ಮಲ್ಲಿ ಹೆದ್ದಾರಿ ಇದೆ, ಅದರ ಅಂಚಿನಲ್ಲಿ ಒಂದು ಬಿಳಿ ಗೆರೆ ಇದೆ, ಗೆರೆಯ ಆಚೆ ಮರಳು. ಬಿಳಿ ಗೆರೆಯ ಮೇಲೆ ತುಳಿದರೆ ಅದಿರಿನ ಲಾರಿ, ಮರಳಿನಲ್ಲಿ ತುಳಿದರೆ ಜಾಲಿ ಮುಳ್ಳು. "ನಮ್ಮೂರಿಗೆ ಒಂದು ಸೈಕಲ್ ದಾರಿ ಇಲ್ಲ" ಅಂತ ನಾನು ಕಂಡಕಂಡವರ ಹತ್ತಿರ ಗೊಣಗತೊಡಗಿದೆ. ಒಮ್ಮೆ ಊರಲ್ಲಿ ಅಣ್ಣನ ಮುಂದೆಯೂ ಗೊಣಗಿದೆ. ಅವನು ಎಲೆ ಅಡಿಕೆ ಅಗಿಯುತ್ತಾ, "ನೀ ಹೈಸ್ಕೂಲಿಗೆ ಹೆಂಗ ಹೋಕ್ಕಿದ್ದಿ ಮತ್ತ?" ಅಂದ.

ನಮ್ಮ ಊರು ಕಾರಟಗಿಯ ಆಚೆ, ತುಂಗಭದ್ರಾ ಎಡದಂಡೆ ಕಾಲುವೆಯ ಬುಡದಲ್ಲಿದೆ. ಊರ ಪಕ್ಕ ಒಂದು ಕ್ಯಾಂಪು. ಕಾಲುವೆ ಬಂದಮೇಲೆ ಆಂಧ್ರದ ಕಡೆಯಿಂದ ಬಂದು ಭತ್ತ ಹಚ್ಚಿದವರ ಊರು ಅದು. ನಮ್ಮ ಹೈಸ್ಕೂಲು ಕ್ಯಾಂಪಿನ ಆಚೆ ಆರು ಕಿಲೋಮೀಟರ್. ಡಾಂಬರು ರಸ್ತೆ ಸುತ್ತು, ಕಾಲುವೆ ದಂಡೆ ನೇರ. ನಾವೆಲ್ಲ ಸೈಕಲ್ ಕಲಿತದ್ದು ಆ ದಂಡೆಯ ಮೇಲೆ. ತಾಸಿಗೆ ಎಂಟಾಣೆ ಬಾಡಿಗೆಯ ದೊಡ್ಡ ಸೈಕಲ್, ಸೀಟು ಎಟುಕದೆ ತ್ರಿಕೋನದೊಳಗೆ ಕಾಲು ತೂರಿಸಿ ಕತ್ತರಿ ಪೆಡಲ್ ಹೊಡೆದದ್ದು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಬೀಳುವುದಿದ್ದರೆ ಗದ್ದೆಯ ಕಡೆ ಬೀಳು ಅನ್ನುವುದು ಅಪ್ಪ ಕಲಿಸಿದ ಏಕೈಕ ಸಂಚಾರ ನಿಯಮ. ಕಾಲುವೆಗೆ ಕಟ್ಟೆಯಿಲ್ಲ, ಇಳಿದವರಿಗೆ ಹತ್ತಲು ಮೆಟ್ಟಿಲು ಇರುವುದು ಎಲ್ಲೋ ಒಂದೊಂದು ಕಡೆ. ನೀರಿನ ಓಟ ಮೇಲೆ ಕಾಣುವಷ್ಟು ಸಾಧುವಲ್ಲ. ನಮ್ಮ ಒಂಬತ್ತನೆಯ ತರಗತಿಯಲ್ಲಿ ಹಾಜರಿ ಕೂಗುವಾಗ ಒಂದು ಹೆಸರು ಕೆಲವು ದಿನ ಹಾಗೇ ಉಳಿದು, ಆಮೇಲೆ ಮೇಷ್ಟ್ರು ಅದಕ್ಕೆ ಗೆರೆ ಎಳೆದರು. ಅಷ್ಟಾದರೂ ಮರುವಾರ ನಾವು ಅದೇ ದಂಡೆಯ ಮೇಲೆ ಹೋದೆವು, ಬೇರೆ ದಾರಿ ಇರಲಿಲ್ಲ.

ಆ ದಂಡೆಯನ್ನು ಯಾರೂ ನಮಗಾಗಿ ಮಾಡಿದ್ದಲ್ಲ. ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ. ಎಡಗಡೆ ಹೈದರಾಬಾದ್ ಸಂಸ್ಥಾನದ ಪಾಲು, ಬಲಗಡೆ ಮದ್ರಾಸಿನದು. 1953ರಲ್ಲಿ ಕಾಲುವೆಗೆ ನೀರು ಬರುವ ಹೊತ್ತಿಗೆ ಸಂಸ್ಥಾನವೇ ಇರಲಿಲ್ಲ. ಮುನಿರಾಬಾದಿನಿಂದ ರಾಯಚೂರು ಸೀಮೆಯವರೆಗೆ 227 ಕಿಲೋಮೀಟರ್ ಹರಿಯುವ ಈ ಕಾಲುವೆಯನ್ನು ನೋಡಿಕೊಳ್ಳಲು ಎಂಜಿನಿಯರರ ಜೀಪು ಓಡಾಡಬೇಕಲ್ಲ, ಅದಕ್ಕೆಂದು ದಂಡೆಯ ಮೇಲೆ ಮಣ್ಣಿನ ದಾರಿ ಬಿಟ್ಟರು. ಜೀಪು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ದಿನ ದಾರಿ ನಮ್ಮದು. ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ತೂಬಿನ ಹತ್ತಿರ ರಾತ್ರಿ ನೀರಿಗೆ ಕಾವಲು ಕೂತವರು, ಬುತ್ತಿ ಹೊತ್ತವರು, ಸೈಕಲ್ಲಿನ ಮಕ್ಕಳು. ನೀರು ಎತ್ತರದಿಂದ ತಗ್ಗಿಗೆ ಗೊತ್ತಾಗದಷ್ಟು ಮೆಲ್ಲಗೆ ಇಳಿಯಬೇಕಾದ್ದರಿಂದ ದಂಡೆಯಲ್ಲಿ ಏರಿಲ್ಲ, ಇಳಿಜಾರಿಲ್ಲ. ಸೈಕಲ್ ದಾರಿಗೆಂದೇ ಕೂತು ನಕ್ಷೆ ಬರೆದರೂ ಇಷ್ಟು ಸಮ ಬರುವುದು ಕಷ್ಟ. ನಾನು ಹುಟ್ಟುವ ಮೊದಲೇ ಇದ್ದ ದಾರಿಯ ಮೇಲೆ ಐದು ವರ್ಷ ತುಳಿದವನು, ನಲವತ್ತೇಳನೆಯ ವಯಸ್ಸಿನಲ್ಲಿ ದಾರಿಯೇ ಇಲ್ಲ ಅಂತ ಗೊಣಗುತ್ತಿದ್ದೆ.

ಅಣ್ಣನ ಮಗಳೂ ಅದೇ ದಂಡೆಯ ಮೇಲೆ ಓದಿದವಳು. ಅವಳದ್ದು ಸರ್ಕಾರಿ ಸೈಕಲ್. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಊರಲ್ಲಿ ನಕ್ಕವರೇ ಹೆಚ್ಚು. ನಟ್ಟು ಸಡಿಲ, ಬ್ರೇಕು ಹಿಡಿಯುವುದಿಲ್ಲ, ಬುಟ್ಟಿ ಅಲ್ಲಾಡುತ್ತದೆ ಅಂತ. ಮುಂದೆ ನೋಡಿದರೆ ಏಳನೆಯದಕ್ಕೆ ಸಾಲಿ ಬಿಡಬೇಕಾಗಿದ್ದ ಹುಡುಗಿಯರು ಹತ್ತು ಹನ್ನೆರಡು ಮಂದಿ ಸಾಲು ಹಿಡಿದು ದಂಡೆಯ ಮೇಲೆ ಹೋಗುತ್ತಿದ್ದರು. ಒಬ್ಬಳನ್ನೇ ಕಳಿಸದ ಅಪ್ಪಂದಿರು ಹನ್ನೆರಡು ಮಂದಿಯ ಜೊತೆ ಕಳಿಸಿದರು. ನಮ್ಮ ಕಾಲದಲ್ಲಿ ಆ ದಂಡೆಯ ಮೇಲೆ ಹುಡುಗಿಯರು ಕಾಣುತ್ತಿದ್ದದ್ದು ತಲೆಯ ಮೇಲೆ ಬುಟ್ಟಿ ಇದ್ದಾಗ ಮಾತ್ರ. ಕೋವಿಡ್ ಬಂದಮೇಲೆ ಸೈಕಲ್ ಹಂಚುವುದು ನಿಂತಿತು. ನಮ್ಮ ಹುಡುಗಿ ನರ್ಸಿಂಗ್ ಮುಗಿಸಿದಳು. ಅವಳ ಸೈಕಲ್ ದನದ ಕೊಟ್ಟಿಗೆಯ ಗೋಡೆಗೆ ಒರಗಿದೆ. ಊರಿಗೆ ಹೋದಾಗ ನಾನು ತುಳಿಯುವುದು ಅದನ್ನೇ. ನನ್ನ ಗೇರ್ ಸೈಕಲ್ಲಿಗಿಂತ ಆ ಮಣ್ಣಿನ ಮೇಲೆ ಅದೇ ಚಲೋ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ನಾನು ಊರಲ್ಲಿದ್ದೆ. ಬೆಳಗಾಗುವುದರೊಳಗೆ ಊರಿಗೆ ಊರೇ ದಂಡೆಯ ಮೇಲೆ. ಕಾಲುವೆಯ ನೀರು ಎಂದಿನಂತೆ ಹೋಗುತ್ತಿತ್ತು. ಗೇಟು ಒಡೆದದ್ದು ಎಲ್ಲೋ, ನೀರು ಪೋಲಾದದ್ದು ನದಿಗೆ. ಆದರೂ ಎಲ್ಲರೂ ಬಂದು ನಿಂತು ನೋಡಿದರು. ಜ್ವರ ಬಂದವರ ಹಾಸಿಗೆಯ ಪಕ್ಕ ನಿಲ್ಲುವ ಹಾಗೆ. ತಡೆಹಲಗೆ ಇಳಿಸಿ ನೀರು ನಿಲ್ಲಿಸುವವರೆಗೂ, ಸುಮಾರು ಒಂದು ವಾರ, ಸಂಜೆಯಾದರೆ ದಂಡೆಯ ಮೇಲೆ ಜಾತ್ರೆ. ಊರ ಮಂದಿ ಒಟ್ಟಾಗಿ ನಿಲ್ಲಲು ನಮ್ಮಲ್ಲಿ ಇನ್ನೊಂದು ಜಾಗವಿಲ್ಲ ಅಂತ ಅವತ್ತು ತಿಳಿಯಿತು.

ಕೊಪ್ಪಳದ ಮಾತಿಗೆ ಬರುತ್ತೇನೆ. ಇಲ್ಲಿ ಕಾಲುವೆ ಇಲ್ಲ, ಆದರೆ ಬೆಟ್ಟವಿದೆ, ಕೆರೆಯಿದೆ, ಬಿಸಿಲಿದೆ. ಹೊರಗಿನವರು ಇಲ್ಲಿನ ಪಾರ್ಕುಗಳನ್ನು ನೋಡಿ ಖಾಲಿ ಅನ್ನುತ್ತಾರೆ. ಅವರು ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ನಮ್ಮಲ್ಲಿ ಪಾರ್ಕು ಅನ್ನುವುದು ಜಾಗವಲ್ಲ, ಹೊತ್ತು. ಮಾರ್ಚಿಯಿಂದ ಮೇ ತನಕ ಬೆಳಗ್ಗೆ ಐದರಿಂದ ಏಳೂವರೆ, ಸಂಜೆ ಆರರಿಂದ ರಾತ್ರಿ ಎಷ್ಟೊತ್ತಾದರೂ ಸೈ. ಬೆಳಗಿನ ಐದಕ್ಕೆ ಹುಲಿಕೆರೆ ಏರಿಯ ಮೇಲೆ ಹೋಗಿ ನೋಡಿ. ನಿವೃತ್ತ ಮೇಷ್ಟ್ರುಗಳು ಸರ್ವೀಸಿನಲ್ಲಿ ಬಾಕಿ ಉಳಿದ ಜಗಳಗಳನ್ನು ನಡೆಯುತ್ತಾ ಮುಗಿಸುತ್ತಿರುತ್ತಾರೆ. ಒಬ್ಬರ ಅಂಗಿಯ ಕಿಸೆಯಲ್ಲಿ ವಚನ, ಇನ್ನೊಬ್ಬರದರಲ್ಲಿ ಭಜನೆ, ಎರಡೂ ಫೋನಿನಲ್ಲಿ, ಎರಡೂ ಜೋರು. ಸೀರೆಯ ಕೆಳಗೆ ಬಿಳಿ ಬೂಟು ಹಾಕಿದ ಹೆಂಗಸರು ನಾಲ್ಕೈದು ಮಂದಿ ಅಡ್ಡಕ್ಕೆ ಸಾಲು ಮಾಡಿ ನಡೆಯುತ್ತಾರೆ. ಬೆಲ್ ಹೊಡೆದರೂ ದಾರಿ ಬಿಡುವುದಿಲ್ಲ. ಮೊದಮೊದಲು ಕಿರಿಕಿರಿಯಾಗುತ್ತಿತ್ತು. ಮನೆಯಲ್ಲಿ ಹೇಳಿದಾಗ ಹೆಂಡತಿ ಅಂದಳು: "ಮನೀ ತುಂಬ ಬಾಜೂಕ ಸರದು ಸರದು ಸಾಕಾಗಿರ್ತದ, ಅಲ್ಲೂ ಸರೀಬೇಕೇನು?" ಅಂದಿನಿಂದ ಇಳಿದು ತಳ್ಳಿಕೊಂಡು ಹೋಗುತ್ತೇನೆ.

ಗವಿಮಠದ ಬೆಟ್ಟವೂ ನನ್ನ ಲೆಕ್ಕದಲ್ಲಿ ಪಾರ್ಕೇ. ಟಿಕೆಟ್ಟಿಲ್ಲ, ಗೇಟಿನಲ್ಲಿ ಯಾಕೆ ಬಂದೆ ಅನ್ನುವವರಿಲ್ಲ. ಜನವರಿಯ ಜಾತ್ರೆಯಲ್ಲಿ ಲಕ್ಷಗಟ್ಟಲೆ ಮಂದಿ ರೊಟ್ಟಿ, ಮಿರ್ಚಿ ಉಂಡು ಹೋಗುವ ಬಯಲು, ಉಳಿದ ದಿನ ಹುಡುಗರ ಕ್ರಿಕೆಟ್ಟಿಗೆ, ಸೈಕಲ್ ಕಲಿಯುವವರಿಗೆ. ಮೇಲೆ ಬಂಡೆಯ ಮೇಲೆ ಅಶೋಕನ ಶಾಸನ. ಪಕ್ಕದ ಪಾಲ್ಕಿಗುಂಡಿನ ಮೇಲೂ ಒಂದಿದೆ. 1931ರಲ್ಲಿ ಬೆಳಕಿಗೆ ಬಂದವು. ಕನ್ನಡ ಸಾಲಿಯಲ್ಲಿ ಕಲಿತ ಯಾರನ್ನೇ ನಿದ್ದೆಯಿಂದ ಎಬ್ಬಿಸಿ ಕೇಳಿ, ಅಶೋಕ ಏನು ಮಾಡಿದ ಅಂತ. "ಸಾಲುಮರಗಳನ್ನು ನೆಡಿಸಿದನು." ಎರಡು ಅಂಕ. ಆ ಮಾತು ಇರುವುದು ನಮ್ಮ ಬೆಟ್ಟದ ಶಾಸನದಲ್ಲಲ್ಲ, ಈಗ ದೆಹಲಿಯಲ್ಲಿರುವ ಕಂಬದ ಶಾಸನದಲ್ಲಿ. ದನಕರುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ ದಾರಿಯಲ್ಲಿ ಆಲದ ಮರ ನೆಡಿಸಿದ್ದೇನೆ ಅನ್ನುತ್ತಾನೆ. ದನಕರುಗಳ ಹೆಸರು ಮೊದಲು ಬರುವುದು ನನಗೆ ಬಹಳ ಇಷ್ಟ. ನಮ್ಮ ಬೆಟ್ಟದ್ದು ಬೇರೆ ಮಾತು: ಪಟ್ಟುಹಿಡಿದು ದುಡಿದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಫಲ ಸಿಗುತ್ತದೆ ಅನ್ನುವುದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅದರ ಹತ್ತಿರ ಕೂತು ಬೆವರು ಒರೆಸಿಕೊಳ್ಳುವವರಲ್ಲಿ ಓದಬಲ್ಲವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ.

ಸಣ್ಣವರು ದೊಡ್ಡವರು ಸೇರಿ ದುಡಿದದ್ದನ್ನು ನೋಡಿದ್ದೂ ಇದೇ ಊರಲ್ಲಿ. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದಾಗ ಅದು ಹಳ್ಳದ ಹಾಗೆ ಇರಲಿಲ್ಲ. ಹೂಳು, ಆಪು, ಜಾಲಿ. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಮಂದಿಯೇ ದುಡ್ಡು ಕೊಟ್ಟು, ಯಂತ್ರ ಕೊಟ್ಟು, ಮೈ ಕೊಟ್ಟು ತೆಗೆದರು. ನಾನು ಒಂದು ಭಾನುವಾರ ಹೋಗಿ ಎರಡು ತಾಸು ಜಾಲಿ ಕೊಂಬೆ ಎಳೆದು, ಆರು ಫೋಟೋ ತೆಗೆಸಿಕೊಂಡು ಬಂದೆ.

ಈಗ ನಮ್ಮ ಬಡಾವಣೆಯ ಪಾರ್ಕು. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಮೇಲೆ ಎದ್ದ ಹತ್ತಾರು ಬಡಾವಣೆಗಳಲ್ಲಿ ನಮ್ಮದೂ ಒಂದು. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಒಂದು ಚೌಕ. ಬಹಳ ವರ್ಷ ಅಲ್ಲಿ ಬೆಳೆದದ್ದು ಜಾಲಿ, ಮನೆ ಕಟ್ಟಿದವರ ಒಡಕು ಇಟ್ಟಿಗೆ. ಆಮೇಲೆ ಬೇಲಿ ಬಂತು, ಸಿಮೆಂಟಿನ ಹಾದಿ ಬಂತು, ಕೈಕಾಲು ಆಡಿಸುವ ಕಬ್ಬಿಣದ ಯಂತ್ರಗಳು ಬಂದವು. ಅವನ್ನು ಮಾರ್ಚಿಯಲ್ಲಿ ಒಂಬತ್ತರ ನಂತರ ಮುಟ್ಟಿದರೆ ಅಂಗೈ ಸುಡುತ್ತದೆ. ಆ ಪಾರ್ಕಿನಲ್ಲಿ ನಿಜಕ್ಕೂ ಬೆಲೆಬಾಳುವುದು ಐದು ಬೇವಿನ ಮರ. ಯಾರೂ ನೆಟ್ಟದ್ದಲ್ಲ. ಬಡಾವಣೆ ಆಗುವ ಮೊದಲು ಅದು ಯಾರದೋ ಹೊಲದ ಬದು.

ಬೆಳಗ್ಗೆ ಸಂಜೆ ಅಲ್ಲಿಗೆ ಬರುವವರು ನಮ್ಮವರು, ಬಡಾವಣೆಯವರು. ನಡುಹಗಲು ಬರುವವರು ಬೇರೆ. ಹನ್ನೊಂದರ ಹೊತ್ತಿಗೆ ಮಾರಿ ಮುಗಿಸಿದ ಬುಟ್ಟಿಯ ಹೆಂಗಸರು, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ. ಜಿಲ್ಲಾಸ್ಪತ್ರೆಗೆ ರೋಗಿಯನ್ನು ತಂದು ಹಾಕಿ, ಒಳಗೆ ಒಬ್ಬರಿಗಿಂತ ಹೆಚ್ಚು ಬಿಡುವುದಿಲ್ಲ ಅಂತ ಹೊರಗುಳಿದ ಹಳ್ಳಿಯವರು. ಊಟ ಮುಟ್ಟಿಸುವ ಹುಡುಗರು, ಬೈಕು ಬೇಲಿಗೆ ನಿಲ್ಲಿಸಿ ಹೆಲ್ಮೆಟ್ಟನ್ನೇ ದಿಂಬು ಮಾಡಿಕೊಂಡು. ಬೆಳಗಿನ ಪಾಳಿ ಮುಗಿಸಿದ ಪೌರಕಾರ್ಮಿಕರು. ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು. ಒಂದು ಖೋಲಿಯಲ್ಲಿ ನಾಲ್ಕು ಮಂದಿ ಇದ್ದು, ಮೇಲೆ ತಗಡು ಇದ್ದರೆ, ಓದಲು ಬೇವಿನ ಬುಡವೇ ಗತಿ. ಇವರ ಜೊತೆಗೆ ಇಸ್ಪೀಟಿನವರು ಒಂದು ಗುಂಪು, ಆಗಾಗ ಒಬ್ಬ ಕುಡುಕ, ಒಂದು ಮೂಲೆಯಲ್ಲಿ ಎರಡು ಕಾಲೇಜು ಬ್ಯಾಗು ಪಕ್ಕಪಕ್ಕ.

ನಮ್ಮವರ ಕಣ್ಣಿಗೆ ಬಿದ್ದದ್ದು ಕೊನೆಯ ಮೂರು ಮಾತ್ರ. ಎರಡು ವರ್ಷದ ಹಿಂದೆ ಒಂದು ಅರ್ಜಿ ತಯಾರಾಯಿತು: ಹಗಲು ಹತ್ತರಿಂದ ಸಂಜೆ ಐದರವರೆಗೆ ಪಾರ್ಕಿಗೆ ಬೀಗ ಹಾಕಬೇಕು. ಒಕ್ಕಣೆ ತಿದ್ದಿಕೊಡಿ ಅಂತ ನನ್ನ ಹತ್ತಿರ ತಂದರು. ಬರೆಯುವ ಚಟ ಇದ್ದವರಿಗೆ ತಿದ್ದುವ ಚಟವೂ ಇರುತ್ತದೆ. ಎರಡು ಕಾಗುಣಿತ ಸರಿಮಾಡಿದೆ, "ಅನೈತಿಕ ಚಟುವಟಿಕೆ" ಅನ್ನುವುದನ್ನು ಹೊಡೆದು "ಅನಪೇಕ್ಷಿತ ಚಟುವಟಿಕೆ" ಮಾಡಿದೆ, ಅದು ನನ್ನ ಉದಾರತೆ. ಆಮೇಲೆ ವಾಕ್ಯ ಸಪ್ಪೆಯಾಯಿತು ಅನಿಸಿ, "ಸಂಭಾವಿತ ನಾಗರಿಕರಿಗೆ ಮುಜುಗರವಾಗುತ್ತಿದೆ" ಅನ್ನುವುದನ್ನು ಸೇರಿಸಿದೆ. ಆ ಪದ ನನ್ನದೇ. ಕೆಳಗೆ ಸಹಿಯನ್ನೂ ಹಾಕಿದೆ. ನಾನು ಹಗಲು ಹತ್ತರಿಂದ ಐದು ಆಫೀಸಿನಲ್ಲಿರುವವನು, ತಲೆಯ ಮೇಲೆ ಫ್ಯಾನಿದೆ. ಹದಿನೈದು ದಿನದೊಳಗೆ ಬೀಗ ಬಂತು. ನಮ್ಮ ಬೀದಿದೀಪದ ಅರ್ಜಿಗೆ ಇಂದಿಗೂ ಉತ್ತರ ಬಂದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕಾನೂನು ಪಾರ್ಕಿನ ಪರವಾಗಿಯೇ ಇದೆ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು, ಆಸ್ಪತ್ರೆ ಬೇರೆ ಪಾರ್ಕು ಬೇರೆ, ಜಾಗ ಪಾರ್ಕಿಗೇ ಉಳಿಯಬೇಕು ಅಂತ ಹೇಳಿತು. ಆ ತೀರ್ಪಿನ ಸಾರ ಓದಿದಾಗ ನನಗೆ ಹೆಮ್ಮೆಯೇ ಆಗಿತ್ತು, ನಾಗರಿಕರು ಅಂದರೆ ಹೀಗಿರಬೇಕು ಅಂತ. ಕಟ್ಟಡ ಬಂದು ನುಂಗದ ಹಾಗೆ ಪಾರ್ಕನ್ನು ಕಾಯುವುದು ಕೋರ್ಟಿಗೆ ಗೊತ್ತಿದೆ. ನಮ್ಮಂಥ ನಿವಾಸಿಗಳಿಂದ ಕಾಯುವುದಕ್ಕೆ ಯಾರ ಹತ್ತಿರ ಹೋಗಬೇಕೋ.

ಬೇಲಿ ತಡೆಯದ್ದು ಒಂದಿದೆ, ಧೂಳು. ಕಾರ್ಖಾನೆಗಳಿರುವ ಗಿಣಿಗೇರಿಯ ಕಡೆಯಿಂದ ಗಾಳಿ ಬೀಸಿದ ದಿನ ಪಾರ್ಕಿನ ಬೆಂಚಿನ ಮೇಲೆ ಬೆರಳಿಂದ ಹೆಸರು ಬರೆಯಬಹುದು, ಅಷ್ಟು ಕರಿ. ಸೈಕಲ್ ತುಳಿದು ಬಂದು ಮೂಗು ಒರೆಸಿಕೊಂಡರೆ ಬಿಳಿ ಕರ್ಚೀಫಿನ ಮೇಲೆ ಕಾರ್ಖಾನೆಯ ರಸೀದಿ. 2025ರ ಫೆಬ್ರುವರಿ 24ರಂದು, ಊರ ಮಗ್ಗುಲಲ್ಲೇ ಉಕ್ಕಿನ ಕಾರ್ಖಾನೆ ಇನ್ನಷ್ಟು ಬೆಳೆಯುವುದು ಬೇಡ ಅಂತ ಕೊಪ್ಪಳ ಪೂರ್ತಿ ಬಂದ್ ಆಯಿತು. ಅವತ್ತು ಬೆಳಗ್ಗೆ ನಾನು ಸೈಕಲ್ ಮೇಲೆ ಊರು ಸುತ್ತಿದೆ. ಒಂದು ಲಾರಿ ಇಲ್ಲ. ಹೆದ್ದಾರಿಯ ನಡುವೆ ಮಕ್ಕಳು ಸೈಕಲ್ ಕಲಿಯುತ್ತಿದ್ದರು. ಹಿಂದಿನ ಸೀಟು ಹಿಡಿದು ಓಡುತ್ತಿದ್ದ ಅಪ್ಪ ನನ್ನನ್ನು ನೋಡಿ, "ದಿನಾ ಬಂದ್ ಮಾಡಿದ್ರ ಛಲೋ ಇತ್ತಲ್ರೀ" ಅಂದ. ಅವನೂ ಲಾರಿ ಡ್ರೈವರೇ.

ಹದಿನೇಳನೆಯ ಪಂಚರ್ ಆದದ್ದು ಅದೇ ಏಪ್ರಿಲ್‌ನ ಒಂದು ಭಾನುವಾರ.

ನಸುಕಿನಲ್ಲಿ ಕಿನ್ನಾಳಕ್ಕೆ ಹೋಗಿದ್ದೆ. ಹತ್ತು ಹನ್ನೆರಡು ಕಿಲೋಮೀಟರ್, ನನ್ನ ಮೆಚ್ಚಿನ ದಾರಿ. ಮಿರ್ಚಿ ಒಗ್ಗರಣಿ ತಿಂದು, ಚಾ ಕುಡಿದು, ಏಳಕ್ಕೆ ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ಮನೆಯ ಜಗಲಿಯಲ್ಲಿ ಚಿತ್ರಗಾರರು ಗೊಂಬೆಯ ಮುಖ ತಿದ್ದುತ್ತಿದ್ದರು. ಹಗುರ ಮರ, ಅದರ ಮೇಲೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಅನ್ನುವ ಲೇಪ, ಅದರ ಮೇಲೆ ಬಣ್ಣ, ಕೊನೆಗೆ ಕಣ್ಣು. ಕಣ್ಣು ಬರೆಯುವುದನ್ನು ನೋಡಿ ಹೋಗೋಣ ಅಂತ ಕೂತೆ. ಒಂದು ಗೌರಿಯ ಎರಡು ಕಣ್ಣು ಮುಗಿಯುವ ಹೊತ್ತಿಗೆ ಹತ್ತೂವರೆ. ದಾರಿಯ ನಡುವೆ ಹಿಂದಿನ ಗಾಲಿ ಹಿಸ್ಸೆಂದಿತು. ಮುಳ್ಳು ಹೆಬ್ಬೆರಳಿನಷ್ಟು ಉದ್ದ. ಪಂಪು ಇತ್ತು, ಪ್ಯಾಚು ಮುಗಿದಿತ್ತು. ಟಂಟಂ ಒಂದೆರಡು ಬಂದವು, ಎಲ್ಲ ತುಂಬಿಕೊಂಡೇ ಬಂದವು, ಮೇಲೆ ಸೈಕಲ್ ಬೇರೆ ಯಾರು ಹೇರುತ್ತಾರೆ. ತಳ್ಳಿಕೊಂಡು ನಡೆದೆ. ಬಾಟಲಿಯ ನೀರು ಮೊದಲ ಅರ್ಧ ತಾಸಿಗೆ ಮುಗಿಯಿತು. ದಾರಿಯಲ್ಲಿ ಮರವಿಲ್ಲವೆಂದಲ್ಲ. ಇದೆ, ಜಾಲಿ. ಅದರ ನೆರಳು ಜರಡಿಯಲ್ಲಿ ಸೋಸಿದ ಹಾಗೆ, ಕೆಳಗೆ ಕೂರಲು ಮುಳ್ಳು. ರಸ್ತೆ ಅಗಲವಾಗುವ ಮೊದಲು ಇಲ್ಲಿ ಬೇವು, ಹುಣಸೆ ಇದ್ದವು ಅಂತ ನೆನಪು ಮಾಡಿಕೊಂಡದ್ದರಿಂದ ಬಾಯಾರಿಕೆ ಹೆಚ್ಚಾಯಿತಷ್ಟೆ.

ಬಡಾವಣೆ ಮುಟ್ಟಿದಾಗ ಹನ್ನೆರಡೂವರೆ ದಾಟಿತ್ತು. ಮನೆ ಇನ್ನೂ ಅರ್ಧ ಕಿಲೋಮೀಟರ್. ಕಣ್ಣಿಗೆ ಕತ್ತಲೆ ಬರುತ್ತಿತ್ತು, ಕೈ ನಡುಗುತ್ತಿತ್ತು. ಸಕ್ಕರೆ ಇಳಿದಿದೆ ಅಂತ ಗೊತ್ತಾಯಿತು. ಐದು ಬೇವಿನ ಮರ ಕಂಡವು. ಸೈಕಲ್ಲನ್ನು ಗೇಟಿನವರೆಗೆ ನೂಕಿ ಚಿಲಕಕ್ಕೆ ಕೈ ಹಾಕಿದೆ. ಬೀಗ. ಹತ್ತರಿಂದ ಐದು. ಕಬ್ಬಿಣ ಕೈ ಸುಟ್ಟಿತು. ಪಕ್ಕದ ಫಲಕದಲ್ಲಿ ನಿಯಮಗಳು, ಐದನೆಯದರಲ್ಲಿ "ಸಂಭಾವಿತ" ಅನ್ನುವ ಪದ. ನನ್ನ ಒಕ್ಕಣೆಯನ್ನೇ ಎತ್ತಿ ಹಾಕಿದ್ದರು.

"ಸರ, ಈ ಕಡೆ ಬರ್ರಿ."

ಬೇಲಿಯೊಳಗಿಂದ ಒಬ್ಬ ಹುಡುಗ, ಕೈಯಲ್ಲಿ ದಪ್ಪ ಗೈಡು. ಗೇಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಬೇಲಿಯ ಎರಡು ಕಂಬಿಗಳನ್ನು ಯಾರೋ ಬಾಗಿಸಿದ್ದರು. ಸಂಜೆ ನೂರು ಸಲ ಅದರ ಪಕ್ಕ ಹಾದಿದ್ದೇನೆ, ಕಂಡಿರಲಿಲ್ಲ. ಉಳಿದ ಕಂಬಿಗಳಿಗೆ ತುಕ್ಕು, ಆ ಎರಡು ಮಾತ್ರ ಮೈ ತಾಗಿ ತಾಗಿ ಹೊಳೆಯುತ್ತಿದ್ದವು.

"ಸೈಕಲ್ ಹೊರಗ ಇರ್ಲಿ, ಅದು ಹಿಡಿಯಂಗಿಲ್ಲ. ನೀವು ಅಡ್ಡ ತಿರುಗ್ರಿ. ಹೊಟ್ಟಿ ಒಳಗ ಎಳಕೊಳ್ರಿ."

ಎಳೆದುಕೊಂಡೆ. ಅಂಗಿಯ ಒಂದು ಗುಂಡಿ ಹೋಯಿತು. ಬೇವಿನ ಬುಡದಲ್ಲಿ ಎಂಟು ಹತ್ತು ಮಂದಿ ಇದ್ದರು. ಹೆಲ್ಮೆಟ್ಟಿನ ಮೇಲೆ ತಲೆಯಿಟ್ಟು ಒಬ್ಬ ಮಲಗಿದ್ದ. ಆಸ್ಪತ್ರೆಯ ಚೀಟಿಗಳ ಕಟ್ಟು ಹಿಡಿದ ಮುದುಕ ಗೋಣು ತೂಗುತ್ತಿದ್ದ. ಸೌತೆಕಾಯಿಯ ಬುಟ್ಟಿಯ ಅಜ್ಜಿ ಬುಟ್ಟಿಯನ್ನು ಬಿಸಿಲಿಗೆ ಸರಿಸಿ, ನೆರಳಿನಲ್ಲಿ ನನಗೆ ಜಾಗ ಮಾಡಿದಳು. ಯಾರೂ ಯಾಕೆ ಬಂದೆ ಅಂತ ಕೇಳಲಿಲ್ಲ. ಯಾರೋ ನೀರು ಕೊಟ್ಟರು, ಹುಡುಗ ಕಿಸೆಯಿಂದ ಒಂದು ಚಾಕಲೇಟು ತೆಗೆದು ಕೊಟ್ಟ. ಹತ್ತು ನಿಮಿಷಕ್ಕೆ ಕೈ ನಡುಕ ನಿಂತಿತು.

ಆಮೇಲೆ ನಾನು ಎರಡನೆಯ ಅರ್ಜಿ ಬರೆದೆ, ಬೀಗ ತೆಗೆಯಿರಿ ಅಂತ. ಅದರಲ್ಲಿ ಆ ಪದ ಇಲ್ಲ. ಮೊದಲನೆಯದಕ್ಕೆ ಬಿದ್ದದ್ದು ನಲವತ್ತೆರಡು ಸಹಿ, ಇದಕ್ಕೆ ನಾಲ್ಕು, ಅದರಲ್ಲಿ ಎರಡು ನಮ್ಮ ಮನೆಯವು. ಬೀಗ ಇನ್ನೂ ಇದೆ. ಕಂಬಿಯನ್ನೂ ಯಾರೂ ನೆಟ್ಟಗೆ ಮಾಡಿಲ್ಲ.

ಆದರೆ ಅವತ್ತು ಅರ್ಜಿಯ ಮಾತೇನೂ ತಲೆಯಲ್ಲಿರಲಿಲ್ಲ. ಅಜ್ಜಿ ಒಂದು ಸೌತೆಕಾಯಿಯನ್ನು ಸೆರಗಿಗೆ ಒರೆಸಿ, ಎರಡು ಹೋಳು ಮಾಡಿ, ಉಪ್ಪು ಸವರಿ ಕೈಗಿತ್ತಳು. ದುಡ್ಡು ತೆಗೆಯಲು ಹೋದರೆ ಬೈದಳು. ಬೇಲಿಯಾಚೆ ಬಿಸಿಲಲ್ಲಿ ನಿಂತ ನನ್ನ ಸೈಕಲ್ಲನ್ನು ನೋಡಿ, ಗೇಟಿನ ಕಡೆ ನೋಡಿ, "ಈ ಕೀಲಿ ಹಾಕ್ಸಿದ ಪುಣ್ಯಾತ್ಮ ಯಾರೋ ಏನೋ" ಅಂದಳು.

"ಯಾರೋ ಓದಿದ ಮಂದಿ ಬರ್ಕೊಟ್ಟಾರಂತ, ಆಯೀ," ಅಂದ ಹುಡುಗ, ಗೈಡಿನಿಂದ ತಲೆ ಎತ್ತದೆ.

ನಾನು ಸೌತೆಕಾಯಿ ಕಚ್ಚಿದೆ.